ದೇವನಹಳ್ಳಿಯಿಂದ ಎಷ್ಟು ದೂರ, ಎಷ್ಟು ಹೊತ್ತು

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಒಮ್ಮೆ ಸರಿಯಾಗಿ ಅಳೆದಿಟ್ಟರೆ ಮತ್ತೆ ಅಳೆಯುವ ಪ್ರಮೇಯ ಬರುವುದಿಲ್ಲ. ಆದರೆ ಅದೇ ದೂರಕ್ಕೆ ಹಿಡಿಯುವ ಹೊತ್ತು ಗಾಳಿ, ಗುಡ್ಡ, ದೇಶಗಳ ಗಡಿ, ರನ್‌ವೇಯ ದಿಕ್ಕು, ವೇಳಾಪಟ್ಟಿ ಬರೆಯುವವರ ಮುಂಜಾಗ್ರತೆ ಇವೆಲ್ಲಕ್ಕೂ ಒಳಪಟ್ಟು ದಿನದಿನಕ್ಕೆ ಬದಲಾಗುತ್ತದೆ. ವಿಮಾನಗಳ ವೇಳಾಪಟ್ಟಿ ಓದುವುದನ್ನೇ ಹವ್ಯಾಸ ಮಾಡಿಕೊಂಡವರಿಗೆ ರುಚಿ ಹತ್ತುವುದು ದೂರವನ್ನು ವೇಗದಿಂದ ಭಾಗಿಸಿದ ಮೇಲೂ ಲೆಕ್ಕಕ್ಕೆ ಸಿಗದೆ ಉಳಿಯುವ ನಿಮಿಷಗಳಲ್ಲಿ. ಏಕೆಂದರೆ ಅಂಥ ಒಂದೊಂದು ನಿಮಿಷಕ್ಕೂ ಒಂದು ಕಾರಣವಿರುತ್ತದೆ, ಆ ಕಾರಣವನ್ನು ಮನೆಯಲ್ಲಿ ಕುಳಿತೇ ಪತ್ತೆ ಹಚ್ಚಲೂಬಹುದು. ಬೆಂಗಳೂರಿನ ಪಶ್ಚಿಮ ಭಾಗದ ನಿವಾಸಿಗಳಿಗಂತೂ ಇಂಥ ನಿಮಿಷಗಳ ಪರಿಚಯ ವಿಮಾನ ಏರುವ ಮೊದಲೇ ಆಗಿರುತ್ತದೆ.

ಮಾಗಡಿ ರಸ್ತೆಯ ಸುಂಕದಕಟ್ಟೆ, ಹೇರೋಹಳ್ಳಿಗಳ ಮಗ್ಗುಲಲ್ಲಿರುವ ಶ್ರೀಗಂಧದ ಕಾವಲ್‌ನಿಂದ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 33 ಕಿಲೋಮೀಟರ್ ಆಗುತ್ತದೆ. ಸುಮನಹಳ್ಳಿಯಲ್ಲಿ ಹೊರವರ್ತುಲ ರಸ್ತೆ ಹಿಡಿದು, ಲಗ್ಗೆರೆ, ಗೊರಗುಂಟೆಪಾಳ್ಯ, ಬಿಇಎಲ್ ವೃತ್ತಗಳನ್ನು ದಾಟಿ, ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಗೆ ಸೇರಿಕೊಂಡು ಹೋಗುವವರಿಗೆ ಅದು 40 ಕಿಲೋಮೀಟರನ್ನು ಮೀರುತ್ತದೆ. ಬೆಳಗಿನ ಜಾವ ಒಂದು ಗಂಟೆಯಲ್ಲಿ ಮುಗಿಯುವ ಈ ದಾರಿ ಸಂಜೆಯ ದಟ್ಟಣೆಯಲ್ಲಿ ಎರಡು ಗಂಟೆಯನ್ನು ಸಲೀಸಾಗಿ ನುಂಗುತ್ತದೆ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಆರಂಭವಾಗುವವರೆಗೆ ನಗರದ ಪ್ರಯಾಣಿಕ ವಿಮಾನಗಳೆಲ್ಲ ಎಚ್‌ಎಎಲ್ ನಿಲ್ದಾಣದಿಂದ ಹೊರಡುತ್ತಿದ್ದವು, ಅದು ಶ್ರೀಗಂಧದ ಕಾವಲ್‌ಗೆ ನೇರ ಗೆರೆಯಲ್ಲಿ ಸುಮಾರು 18 ಕಿಲೋಮೀಟರ್ ದೂರದಲ್ಲಿತ್ತು. ಹಾಗಾಗಿ ಬೆಂಗಳೂರಿನಿಂದ ಮುಂಬಯಿಗೋ ಮಂಗಳೂರಿಗೋ ಆಕಾಶದಲ್ಲಿನ ದೂರ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿದಿದ್ದರೂ ಈ ಭಾಗದವರ ಪಾಲಿಗೆ ಎಲ್ಲ ಊರುಗಳೂ ಒಂದೇ ರಾತ್ರಿಯಲ್ಲಿ ಒಂದಿಷ್ಟು ಹಿಂದೆ ಸರಿದವು.

ಆಕಾಶದ ದೂರವನ್ನು ಅಳೆಯುವ ಕ್ರಮ ಬಹು ಹಳೆಯದು. ಗೋಳದ ಮೇಲಿನ ಎರಡು ಬಿಂದುಗಳನ್ನೂ ಗೋಳದ ಕೇಂದ್ರವನ್ನೂ ಸೇರಿಸಿ ಗೋಳವನ್ನು ಸೀಳಿದರೆ ಮೇಲ್ಮೈಯಲ್ಲಿ ಮೂಡುವ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಆ ಎರಡು ಬಿಂದುಗಳ ನಡುವಿನ ಅತ್ಯಂತ ಹತ್ತಿರದ ದಾರಿ ಆ ವೃತ್ತದ ಮೇಲೆಯೇ ಇರುತ್ತದೆ. ಭೂಮಿಯ ಸರಾಸರಿ ತ್ರಿಜ್ಯವನ್ನು 6,371 ಕಿಲೋಮೀಟರ್ ಎಂದಿಟ್ಟುಕೊಂಡರೆ, ಎರಡೂ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳು ಗೊತ್ತಿದ್ದವರು ಪಿಯುಸಿಯಲ್ಲಿ ಕಲಿತ ಸೈನ್, ಕೊಸೈನ್‌ಗಳ ಬಲದಿಂದಲೇ ಈ ದೂರವನ್ನು ಕಂಡುಹಿಡಿಯಬಹುದು. ದೇವನಹಳ್ಳಿಯಿಂದ ಮಂಗಳೂರಿನ ಬಜ್ಪೆಗೆ ಹೀಗೆ ಬರುವ ಉತ್ತರ ಸುಮಾರು 306 ಕಿಲೋಮೀಟರ್, ಹುಬ್ಬಳ್ಳಿಗೆ 370, ಮುಂಬಯಿಗೆ 830, ದುಬೈಗೆ 2,700ಕ್ಕೆ ತುಸು ಕಡಿಮೆ, ಲಂಡನ್ನಿನ ಹೀಥ್ರೂಗೆ 8,000ಕ್ಕೆ ತುಸು ಹೆಚ್ಚು.

ಈ ಲೆಕ್ಕದಲ್ಲಿ ಅಭ್ಯಾಸಿಗಳಿಗೆ ಹೇಳಿ ಮಾಡಿಸಿದ ಜೋಡಿಯೆಂದರೆ ಬೆಂಗಳೂರು ಮತ್ತು ದೆಹಲಿ. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ದೆಹಲಿಯ ನಿಲ್ದಾಣ 77.1 ಡಿಗ್ರಿಯಲ್ಲಿದ್ದರೆ ದೇವನಹಳ್ಳಿಯದು 77.7 ಡಿಗ್ರಿಯಲ್ಲಿದೆ. ಆದ್ದರಿಂದ ಅಕ್ಷಾಂಶಗಳನ್ನು ಕಳೆದರೆ ಸಾಕು, 15 ಡಿಗ್ರಿ 21 ಮಿನಿಟುಗಳ ವ್ಯತ್ಯಾಸ ಸಿಗುತ್ತದೆ. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲಿಗೆ, ಎಂದರೆ 1.852 ಕಿಲೋಮೀಟರಿಗೆ, ಸಮವೆಂಬ ನಾವಿಕರ ಹಳೆಯ ಏರ್ಪಾಟನ್ನು ವಿಮಾನ ಚಾಲಕರೂ ಉಳಿಸಿಕೊಂಡಿರುವುದರಿಂದ ದೂರ ಸುಮಾರು 920 ನಾಟಿಕಲ್ ಮೈಲಿ ಎಂದು ಕಾಗದ ಪೆನ್ಸಿಲ್ಲುಗಳಿಲ್ಲದೆಯೇ ಹೇಳಿಬಿಡಬಹುದು. ಆದರೆ ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದ ಬಳಿ ಅದರ ತ್ರಿಜ್ಯ 6,378 ಕಿಲೋಮೀಟರ್ ಇದ್ದರೆ ಧ್ರುವಗಳ ಬಳಿ 6,357 ಕಿಲೋಮೀಟರ್ ಮಾತ್ರ. ಗುಂಡು ಭೂಮಿಯ ಲೆಕ್ಕ ದೆಹಲಿಯನ್ನು 1,709 ಕಿಲೋಮೀಟರ್ ದೂರದಲ್ಲಿಟ್ಟರೆ, ಚಪ್ಪಟೆತನವನ್ನು ಗಣಿಸುವ ಲೆಕ್ಕ 1,702 ಕಿಲೋಮೀಟರ್ ಎನ್ನುತ್ತದೆ. ಎರಡನೆಯ ಬಗೆಯ ಲೆಕ್ಕಕ್ಕೆ ತ್ಯಾಡಿಯಸ್ ವಿನ್ಸೆಂಟಿ 1975ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಎರಡು ಕಡೆ ಎರಡು ಅಂಕಿ ಕಂಡು ಗೊಂದಲಕ್ಕೊಳಗಾಗುವವರು ಈ ಏಳು ಕಿಲೋಮೀಟರ್ ಜೆಟ್ ವಿಮಾನಕ್ಕೆ ಅರ್ಧ ನಿಮಿಷದ ಮಾತೆಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ದೂರದ ವಿಷಯ ಇಷ್ಟಕ್ಕೇ ಮುಗಿಯುತ್ತದೆ. ಹೊತ್ತಿನ ವಿಷಯಕ್ಕೆ ಬಂದರೆ ಮಂಗಳೂರಿನ ದಾರಿಯಷ್ಟು ಪಾಠ ಹೇಳುವ ದಾರಿ ಕರ್ನಾಟಕದಲ್ಲಿ ಮತ್ತೊಂದಿಲ್ಲ. ಏರ್‌ಬಸ್ 320 ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ; 306 ಕಿಲೋಮೀಟರನ್ನು ಅದರಿಂದ ಭಾಗಿಸಿದರೆ 22 ನಿಮಿಷ. ಟಿಕೆಟ್ಟಿನಲ್ಲಿ ಅಚ್ಚಾಗಿರುವುದಾದರೋ ಒಂದು ಗಂಟೆಗಿಂತ ಹೆಚ್ಚು. ಈ ನಡುವಣ ಮುಕ್ಕಾಲು ಗಂಟೆ ಎಲ್ಲಿ ಹೋಯಿತೆಂದು ಹುಡುಕುವುದೇ ಈ ಹವ್ಯಾಸದ ಮೊದಲ ಪಾಠ.

ಟಿಕೆಟ್ಟಿನ ಮೇಲಿರುವುದು ಹಾರಾಟದ ಅವಧಿಯಲ್ಲ, ಬ್ಲಾಕ್ ಟೈಮ್. ಹೊರಡುವ ಗೇಟಿನಲ್ಲಿ ಚಕ್ರಗಳಿಗೆ ಕೊಟ್ಟ ಅಡೆ ತೆಗೆದಾಗಿನಿಂದ ಸೇರುವ ಗೇಟಿನಲ್ಲಿ ಮತ್ತೆ ಅಡೆ ಇಡುವವರೆಗಿನ ಸಮಯವನ್ನು ಹಾಗೆ ಕರೆಯುತ್ತಾರೆ. ದೇವನಹಳ್ಳಿಯಲ್ಲಿ ತಲಾ ನಾಲ್ಕು ಕಿಲೋಮೀಟರ್ ಉದ್ದದ ಎರಡು ಸಮಾಂತರ ರನ್‌ವೇಗಳಿವೆ, ಎರಡನೆಯದು ಬಳಕೆಗೆ ಬಂದದ್ದು 2019ರ ಡಿಸೆಂಬರಿನಲ್ಲಿ. ಗೇಟು ಬಿಟ್ಟ ವಿಮಾನ ನೆಲದ ಮೇಲೆಯೇ ತೆವಳುತ್ತ ಈ ರನ್‌ವೇಗಳ ಸರಿಯಾದ ತುದಿಗೆ ಹೋಗಿ ಸರದಿಯಲ್ಲಿ ನಿಲ್ಲುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ಯಾವ ತುದಿಯೆಂಬುದನ್ನು ಗಾಳಿ ಹೇಳುತ್ತದೆ, ಏಕೆಂದರೆ ವಿಮಾನಗಳು ಎದುರುಗಾಳಿಗೆ ಮುಖಮಾಡಿಯೇ ಏರಬೇಕು ಮತ್ತು ಇಳಿಯಬೇಕು. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿಗೆ ಮುಖಮಾಡಿ ಏರುವ ಮಂಗಳೂರಿನ ವಿಮಾನ ಏರುತ್ತಲೇ ತನ್ನ ದಾರಿಯಲ್ಲಿರುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿಯಿದ್ದಾಗ ಅದೇ ವಿಮಾನ ಕೋಲಾರದ ಕಡೆಗೆ ಏರಿ, ಅರ್ಧ ಸುತ್ತು ತಿರುಗಿ, ಹೊರಟಲ್ಲಿಗೇ ಬಂದು ಪ್ರಯಾಣ ಆರಂಭಿಸಬೇಕಾಗುತ್ತದೆ.

ಇನ್ನು 830 ಕಿಲೋಮೀಟರ್ ವೇಗವೆಂಬುದೇ ಈ ದಾರಿಯಲ್ಲಿ ಬಹುಮಟ್ಟಿಗೆ ಕಾಗದದ ಮಾತು. ಹನ್ನೊಂದು ಕಿಲೋಮೀಟರ್ ಎತ್ತರಕ್ಕೆ ಏರಲು ಜೆಟ್ ವಿಮಾನಕ್ಕೆ ಸುಮಾರು 200 ಕಿಲೋಮೀಟರ್ ಬೇಕು, ಅಲ್ಲಿಂದ ಇಳಿಯಲು ಹೆಚ್ಚುಕಡಿಮೆ ಅಷ್ಟೇ ಬೇಕು. 306 ಕಿಲೋಮೀಟರಿನಲ್ಲಿ ಇವೆರಡೂ ಹಿಡಿಸುವುದಿಲ್ಲವಾದ್ದರಿಂದ ಅದು ಅರ್ಧ ಎತ್ತರದಿಂದಲೇ ಹಿಂದಿರುಗಬೇಕು. ಎರಡು ಪಂಖಗಳ ಎಟಿಆರ್ 72 ವಿಮಾನದ ವೇಗ ಗಂಟೆಗೆ 500 ಕಿಲೋಮೀಟರಿನ ಆಸುಪಾಸಿನಲ್ಲಿದ್ದರೂ ಅದು ಮಂಗಳೂರಿಗೆ ಜೆಟ್‌ಗಿಂತ ಬಹಳ ಹಿಂದೆ ಬೀಳದಿರುವುದು ಈ ಕಾರಣಕ್ಕೆ. ನಾನೂರು ಕಿಲೋಮೀಟರಿನ ಒಳಗಿನ ದಾರಿಗಳಲ್ಲಿ ಎಟಿಆರ್ ಅನ್ನು ಕಡೆಗಣಿಸುವವರು ವೇಗದ ಅಂಕಿಯನ್ನು ನೋಡುತ್ತಾರೆಯೇ ಹೊರತು ವೇಳಾಪಟ್ಟಿಯನ್ನು ನೋಡುವುದಿಲ್ಲ. ಮೇಲಾಗಿ ಮೋಡವಿಲ್ಲದ ಬೆಳಿಗ್ಗೆ ಅದರ ಕಡಿಮೆ ಎತ್ತರದಿಂದ ಕಾಣುವ ಘಟ್ಟದ ಅಂಚು ಜೆಟ್ಟಿನ ಕಿಟಕಿಗೆ ಸಿಗುವಂಥದ್ದಲ್ಲ. ಕೊನೆಗೆ ಬಜ್ಪೆಯ ಸರದಿ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ, 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದ ಈ ನಿಲ್ದಾಣದಲ್ಲಿ ಇಳಿಯುವ ದಿಕ್ಕು ಘಟ್ಟದ ಕಡೆಯಿಂದಾದರೆ ವಿಮಾನ ಬಂದ ದಾರಿಯಲ್ಲೇ ನೆಲ ಮುಟ್ಟುತ್ತದೆ, ಕಡಲ ಕಡೆಯಿಂದಾದರೆ ಊರನ್ನು ದಾಟಿ ಅರಬ್ಬೀ ಸಮುದ್ರದ ಕಡೆಗೆ ಹೋಗಿ ತಿರುಗಿ ಬರಬೇಕು.

ಇಷ್ಟಾದ ಮೇಲೂ ಒಂದಿಷ್ಟು ನಿಮಿಷ ಉಳಿಯುತ್ತವೆ, ಅವು ಕಂಪನಿಗಳು ಬೇಕೆಂದೇ ಸೇರಿಸಿಟ್ಟವು. ವೇಳೆಗಿಂತ ಹದಿನೈದು ನಿಮಿಷದೊಳಗೆ ತಲುಪಿದ ವಿಮಾನವನ್ನು ಸಮಯಕ್ಕೆ ಸರಿಯಾಗಿ ಬಂದದ್ದೆಂದೇ ಎಣಿಸುವುದು ಈ ವ್ಯವಹಾರದ ರೂಢಿ. ಆ ಎಣಿಕೆಯಲ್ಲಿ ಒಳ್ಳೆಯ ಹೆಸರು ಗಳಿಸಲು ವೇಳಾಪಟ್ಟಿಯನ್ನೇ ಸಡಿಲ ಮಾಡಿಟ್ಟುಕೊಳ್ಳುವುದು ಸುಲಭದ ಉಪಾಯ. ತಡವಾಗಿ ಹೊರಟ ವಿಮಾನ ಸಮಯಕ್ಕೆ ಮೊದಲೇ ತಲುಪಿತೆಂದು ಗಗನಸಖಿ ಘೋಷಿಸಿದಾಗ ಅದಕ್ಕಾಗಿ ಚಾಲಕರನ್ನು ಮೆಚ್ಚಿಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಶ್ರೀಗಂಧದ ಕಾವಲ್‌ನಿಂದ ನೋಡಿದರೆ ಮಂಗಳೂರಿನ ದಾರಿಗೆ ಇನ್ನೊಂದು ವಿಚಿತ್ರವಿದೆ. ಪಶ್ಚಿಮಕ್ಕೆ ಹೋಗಬೇಕಾದವರು ಮೊದಲು ಈಶಾನ್ಯಕ್ಕೆ 33 ಕಿಲೋಮೀಟರ್ ಹೋಗುತ್ತಾರೆ. ರಸ್ತೆಯಲ್ಲಿ ಎರಡು ಗಂಟೆ, ನಿಲ್ದಾಣದಲ್ಲಿ ಒಂದೂವರೆ ಗಂಟೆ ಕಳೆದು ವಿಮಾನ ಏರಿದವರು ಏರಿದ ಕೆಲವೇ ನಿಮಿಷಗಳಲ್ಲಿ ತಮ್ಮ ಮನೆಯ ರೇಖಾಂಶವನ್ನು, ಅದಕ್ಕೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ಉತ್ತರದಲ್ಲಿ, ದಾಟುತ್ತಾರೆ. ಬಜ್ಪೆಯಿಂದ ಊರೊಳಗೆ ಹೋಗುವ ಹೊತ್ತನ್ನೂ ಸೇರಿಸಿದರೆ ಮನೆಯಿಂದ ಮನೆಗೆ ಐದೂವರೆ ಗಂಟೆಗೆ ಕಡಿಮೆಯಾಗುವುದು ಕಷ್ಟ. ನೆಲಮಂಗಲ, ಹಾಸನ, ಶಿರಾಡಿ ಘಾಟಿಯ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್, ಏಳೆಂಟು ಗಂಟೆ. ಅದೂ ರಾತ್ರಿ ಮಲಗಿಕೊಂಡು ಹೋಗುವ ಏಳೆಂಟು ಗಂಟೆ. ಘಾಟಿ ಕುಸಿಯದ ಋತುವಿನಲ್ಲಿ ಮಾಗಡಿ ರಸ್ತೆಯ ಕಡೆಯವರು ಮಂಗಳೂರಿಗೆ ವಿಮಾನ ಹಿಡಿಯುವುದು ಸಮಯದ ದೃಷ್ಟಿಯಿಂದ ಅಷ್ಟೇನೂ ಲಾಭದ ಬಾಬತ್ತಲ್ಲವೆಂಬುದು ಈ ಅಂಕಣದ ಖಚಿತ ಅಭಿಪ್ರಾಯ. ಹೆಬ್ಬಾಳ, ಯಲಹಂಕದವರ ಲೆಕ್ಕ ಬೇರೆ. ಅವರಿಗೂ ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕ ವಾಯುನೆಲೆಯ ಏರೋ ಇಂಡಿಯಾ ಪ್ರದರ್ಶನಕ್ಕಾಗಿ ಪ್ರಯಾಣಿಕ ವಿಮಾನಗಳನ್ನು ದಿನದ ಕೆಲವು ಗಂಟೆ ತಡೆದಿಡುವ ದಿನಗಳಿವೆಯೆನ್ನಿ.

ಗಾಳಿಯ ಮಾತು ಬಂದಾಗ ಮೂಡಣಕ್ಕೆ ಹಾರುವಾಗ ಬೇಗ, ಪಡುವಣಕ್ಕೆ ಹಾರುವಾಗ ತಡ ಎಂಬ ಸೂತ್ರವೊಂದನ್ನು ಎಲ್ಲರೂ ಹೇಳುತ್ತಾರೆ. ಹನ್ನೊಂದು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ವೇಗದ ಗಾಳಿಗಳನ್ನು ಜೆಟ್ ಪ್ರವಾಹಗಳೆನ್ನುತ್ತಾರೆ. ಉತ್ತರ ಭಾರತದ ಮಟ್ಟಿಗೆ, ಅದರಲ್ಲೂ ಚಳಿಗಾಲದಲ್ಲಿ, ಆ ಸೂತ್ರ ಸರಿಯಾದದ್ದೇ. ಆದರೆ ದಕ್ಷಿಣ ಭಾರತದ ಮುಂಗಾರು ಅದನ್ನು ತಲೆಕೆಳಗು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಯಾಯ ದ್ವೀಪದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಮತ್ತೊಂದು ಜೆಟ್ ಪ್ರವಾಹವಿದೆಯೆಂದು ತೋರಿಸಿಕೊಟ್ಟವರು, ಮುಂದೆ ಭಾರತೀಯ ಹವಾಮಾನ ಇಲಾಖೆಯ ಮಹಾನಿರ್ದೇಶಕರಾದ ಪಿ. ಕೋಟೇಶ್ವರಂ, ಅವರ ಈ ಕೆಲಸ 1950ರ ದಶಕದ್ದು. ಉಷ್ಣವಲಯದ ಪೂರ್ವ ಜೆಟ್ ಎಂದು ಕರೆಯುವ ಈ ಗಾಳಿಯ ತಿರುಳು ಹದಿನಾಲ್ಕು ಹದಿನೈದು ಕಿಲೋಮೀಟರ್ ಎತ್ತರದಲ್ಲಿದ್ದರೂ ಅದರ ಸೆಳೆತ ವಿಮಾನಗಳು ಹಾರುವ ಎತ್ತರದವರೆಗೂ ಇಳಿದಿರುತ್ತದೆ. ಜುಲೈ ತಿಂಗಳಿನಲ್ಲಿ ಬೆಂಗಳೂರಿನಿಂದ ದುಬೈಗೆ ಹೊರಟ ವಿಮಾನಕ್ಕೆ ದಾರಿಯ ಮೊದಲ ಭಾಗದಲ್ಲಿ ಹಿಂದಿನಿಂದ ಗಾಳಿ ಒದಗುವುದು, ಜನವರಿಯಲ್ಲಿ ಅದೇ ವಿಮಾನಕ್ಕೆ ಮುಂದೆ ಉತ್ತರದಲ್ಲಿ ಎದುರುಗಾಳಿ ತಡೆಯೊಡ್ಡುವುದು ಇದರಿಂದ.

ಇದರಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಮಳೆ ತರುವ ಮುಂಗಾರು ಗಾಳಿ ಪಶ್ಚಿಮದಿಂದ ಬರುವಂಥದ್ದು, ಅದು ನೆಲದಿಂದ ಸುಮಾರು ಆರು ಕಿಲೋಮೀಟರ್ ಎತ್ತರದವರೆಗೆ ಹರಡಿರುತ್ತದೆ. ಅದರ ಮೇಲೆ ಪೂರ್ವದ ಗಾಳಿ. ಹೀಗಾಗಿ ಮಳೆಗಾಲದ ಒಂದೇ ಮಧ್ಯಾಹ್ನ, ಒಂದೇ ದಿಕ್ಕಿಗೆ, ಐದು ಕಿಲೋಮೀಟರ್ ಎತ್ತರದಲ್ಲಿ ಹೊರಟ ಎಟಿಆರ್‌ಗೆ ಎದುರುಗಾಳಿ, ಅದರ ನೆತ್ತಿಯ ಮೇಲೆ ಗೋವಾ ದಾಟಿ ಕೊಲ್ಲಿಯ ಕಡೆಗೆ ಹೋಗುವ ಜೆಟ್ಟಿಗೆ ಬೆನ್ನುಗಾಳಿ. ದೆಹಲಿಯ ದಾರಿಗೆ ಇವೆಲ್ಲ ಅಡ್ಡಗಾಳಿಯಾಗಿ ಬೀಸುವುದರಿಂದ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ.

ಹೋಗುವಾಗ ಕಳೆದದ್ದನ್ನು ಬರುವಾಗ ಗಾಳಿ ಹಿಂದಿರುಗಿಸುತ್ತದೆಂಬ ನಂಬಿಕೆ ಸಾಮಾನ್ಯ; ಅದು ಪೂರ್ತಿ ನಿಜವಲ್ಲ. 2,400 ಕಿಲೋಮೀಟರ್ ದೂರದ ಊರಿಗೆ ಗಂಟೆಗೆ 800 ಕಿಲೋಮೀಟರ್ ವೇಗದ ವಿಮಾನ ಗಾಳಿಯಿಲ್ಲದ ದಿನ ಹೋಗಿಬರಲು ಆರು ಗಂಟೆ ಸಾಕು. ಗಂಟೆಗೆ 100 ಕಿಲೋಮೀಟರ್ ಗಾಳಿಯಿದ್ದರೆ ಒಂದು ದಿಕ್ಕಿಗೆ 2 ಗಂಟೆ 40 ನಿಮಿಷ, ಇನ್ನೊಂದು ದಿಕ್ಕಿಗೆ 3 ಗಂಟೆ 26 ನಿಮಿಷ, ಒಟ್ಟು 6 ಗಂಟೆ 6 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಬೆನ್ನುಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತದೆ. ಆ ಆರು ನಿಮಿಷ ಗಾಳಿ ವಸೂಲು ಮಾಡುವ ಸುಂಕ.

ಹೊತ್ತು ದೂರಗಳ ಈ ಎಣಿಕೆಗೆ ಕನ್ನಡ ನಾಡಿನಲ್ಲಿ ಒಂದು ಹಳೆಯ ನೆಲೆಯೂ ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಪುಸ್ ಮಾತ್ ವಿಮಾನದಲ್ಲಿ ಅಂಚೆ ತಂದಿಳಿಸಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಗೆ ಒಯ್ದು, ರಾತ್ರಿ ತಂಗಿ, ಮರುದಿನ ಮದರಾಸಿಗೆ ಮುಟ್ಟಿಸಿದರು. ಮುಂಬಯಿಯಿಂದ ಬಳ್ಳಾರಿಗೆ ನೇರ ದೂರ 600 ಕಿಲೋಮೀಟರಿಗೆ ತುಸು ಹೆಚ್ಚು. ಗಂಟೆಗೆ 160 ಕಿಲೋಮೀಟರಿನ ಆಸುಪಾಸಿನ ವೇಗದ ಆ ಪುಟ್ಟ ವಿಮಾನಕ್ಕೆ ಅದು ನಾಲ್ಕು ಗಂಟೆಯ ಕೆಲಸ. ಆಗಿನ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಕತ್ತಲಲ್ಲಿ ಹಾರುವ ಅನುಕೂಲವಿಲ್ಲದ ಕಾಲದಲ್ಲಿ ಅಂಚೆಯ ವೇಗವನ್ನು ನಿರ್ಣಯಿಸುತ್ತಿದ್ದದ್ದು ಎಂಜಿನ್ನಿಗಿಂತ ಮಿಗಿಲಾಗಿ ಸೂರ್ಯಾಸ್ತ, ಆದ್ದರಿಂದಲೇ ನಡುದಾರಿಯ ಬಳ್ಳಾರಿಗೆ ಆ ಮಹತ್ವ ಬಂತು.

ಈಗ ಬೆಂಗಳೂರಿನಿಂದ ಅತಿ ದೂರದ ಜೋಡಿಗೆ ಬರಬಹುದು. ಏರ್ ಇಂಡಿಯಾ ಸಂಸ್ಥೆ ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೋ ನೇರ ಸಂಚಾರವನ್ನು 2021ರ ಜನವರಿಯಲ್ಲಿ ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಇದ್ದ ಚಾಲಕ ತಂಡ ಬೋಯಿಂಗ್ 777 ವಿಮಾನವನ್ನು ಉತ್ತರ ಧ್ರುವದ ಮಾರ್ಗವಾಗಿ ತಂದದ್ದು ಸುದ್ದಿಯಾಯಿತು. ಆ ವಿಮಾನದ ವೇಳಾಪಟ್ಟಿಯ ಪ್ರಕಾರ ಹೊರಡುವುದು ಜನವರಿ 9ರ ರಾತ್ರಿ 8.30ಕ್ಕೆ, ದೇವನಹಳ್ಳಿ ತಲುಪುವುದು 11ರ ಬೆಳಗಿನ ಜಾವ 3.45ಕ್ಕೆ. ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವನ್ನೇ ಅಚ್ಚು ಹಾಕುವುದರಿಂದ ಎರಡು ದಿನದ ಪ್ರಯಾಣದಂತೆ ಕಾಣುವ ಇದರಲ್ಲಿ ಹದಿಮೂರೂವರೆ ಗಂಟೆ ಬರೀ ಗಡಿಯಾರಗಳ ವ್ಯತ್ಯಾಸ. ಅದನ್ನು ಕಳೆದರೆ ಉಳಿಯುವುದು ಹದಿನೇಳೂಮುಕ್ಕಾಲು ಗಂಟೆ.

ಎರಡು ನಿಲ್ದಾಣಗಳ ನಡುವಿನ ದೂರ ಸುಮಾರು 13,990 ಕಿಲೋಮೀಟರ್. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಈ ದಾರಿ ಪೆಸಿಫಿಕ್ ಸಾಗರದ ಮೇಲೆ ಹೋಗುವಂತೆ ತೋರುತ್ತದೆ. ಶಾಲೆಗಳಲ್ಲಿರುವ ಗೋಳದ ಮೇಲೆ ಬೆಂಗಳೂರಿನಲ್ಲಿ ದಾರದ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಸ್ಯಾನ್‌ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆದರೆ, ದಾರವು ನಕ್ಷೆಯ ಗೆರೆಯನ್ನು ಬಿಟ್ಟು ಜಾರುತ್ತ ಜಾರುತ್ತ ಉತ್ತರಕ್ಕೆ ಸರಿದು, ನೇಪಾಳದ ಅನ್ನಪೂರ್ಣಾ ಪರ್ವತಸಾಲಿನ ಆಸುಪಾಸಿನಲ್ಲಿ ಹಿಮಾಲಯವನ್ನು ದಾಟಿ, ಟಿಬೆಟ್, ಚೀನಾ, ಸೈಬೀರಿಯಾಗಳ ಮೇಲೆ ಸಾಗಿ, 71 ಡಿಗ್ರಿ ಉತ್ತರದ ಪೂರ್ವ ಸೈಬೀರಿಯಾ ಕಡಲನ್ನು ಮುಟ್ಟಿ, ಅಲಾಸ್ಕದ ಮೇಲಿನಿಂದ ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಧ್ರುವ ಬಿಂದುವಿಗೇ ಹೋಗಿ ಬಂದರೂ ದೂರ ಸುಮಾರು 14,370 ಕಿಲೋಮೀಟರ್ ಆಗುತ್ತದೆಯಷ್ಟೆ. ಎಂದರೆ ಧ್ರುವವನ್ನು ನೆತ್ತಿಯ ಮೇಲಿಂದ ದಾಟುವ ಸಾಹಸಕ್ಕೆ ತೆರಬೇಕಾದ ಬೆಲೆ ನಾನೂರು ಕಿಲೋಮೀಟರಿಗಿಂತ ಕಡಿಮೆ. ಎರಡೂ ಊರುಗಳ ರೇಖಾಂಶಗಳು ಗೋಳದ ಬಹುಮಟ್ಟಿಗೆ ಎದುರುಬದುರಿನ ಮಗ್ಗುಲುಗಳಲ್ಲಿರುವುದೇ ಇದಕ್ಕೆ ಕಾರಣ.

ಆದರೂ ಮೊದಲ ಹಾರಾಟ ಕ್ರಮಿಸಿದ್ದು ಸುಮಾರು 16,000 ಕಿಲೋಮೀಟರ್ ಎಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ದಾರ ತೋರಿಸುವ ದಾರಿಯಲ್ಲಿ ವಿಮಾನಗಳು ಹೋಗದಿರುವುದಕ್ಕೆ ಮೊದಲ ಕಾರಣ ಟಿಬೆಟ್ ಪ್ರಸ್ಥಭೂಮಿ. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಕುಸಿದರೆ ತಲೆಯ ಮೇಲಿನಿಂದ ಬೀಳುವ ಮುಖವಾಡಗಳ ಆಮ್ಲಜನಕ ಹೆಚ್ಚಿನ ವಿಮಾನಗಳಲ್ಲಿ ಕಾಲು ಗಂಟೆಯ ಆಸುಪಾಸಿಗೆ ಮುಗಿಯುತ್ತದೆ. ಅಷ್ಟರೊಳಗೆ ವಿಮಾನ ಸುಮಾರು ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಯಬೇಕು. ನೆಲವೇ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ಕಡೆ ಹಾಗೆ ಇಳಿಯಲು ಜಾಗವಿಲ್ಲ. ಗಾಳಿ ಎರಡನೆಯ ಕಾರಣ: ನಾನೂರು ಐನೂರು ಕಿಲೋಮೀಟರ್ ಸುತ್ತಿ ಹೋದರೂ ಎದುರುಗಾಳಿ ತಪ್ಪಿದರೆ ಹೊತ್ತು ಉಳಿಯುತ್ತದೆ, ಇಂಧನವೂ ಉಳಿಯುತ್ತದೆ, ದೂರದ ವಿಮಾನಗಳ ದಾರಿಯನ್ನು ಆಯಾ ದಿನದ ಗಾಳಿ ನೋಡಿಯೇ ಗೊತ್ತುಮಾಡುವುದು ಇದಕ್ಕೆ. ದೇವನಹಳ್ಳಿಯ ರನ್‌ವೇ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿರುವುದನ್ನೂ ಇಲ್ಲಿ ಎಣಿಸಬೇಕು; ತೆಳುವಾದ ಗಾಳಿಯಲ್ಲಿ ರೆಕ್ಕೆಗಳಿಗೆ ಹಿಡಿತ ಸಿಗಲು ಹೆಚ್ಚು ವೇಗ ಬೇಕಾಗಿ, ಟ್ಯಾಂಕು ತುಂಬಿಸಿಕೊಂಡ ವಿಮಾನಕ್ಕೆ ಬೇಸಿಗೆಯ ಮಧ್ಯಾಹ್ನ ಆ ನಾಲ್ಕು ಕಿಲೋಮೀಟರ್ ರನ್‌ವೇಯೂ ಹೆಚ್ಚೆನಿಸುವುದಿಲ್ಲ.

ಮೂರನೆಯದು ಗಡಿಗಳ ಕಾರಣ, ಅದನ್ನು ಲೆಕ್ಕಕ್ಕೆ ಹಿಡಿಯುವ ಸೂತ್ರವಿಲ್ಲ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿದ್ದಾಗ, 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿದಾಗ, ಪಶ್ಚಿಮದ ದೂರದೂರುಗಳಿಗೆ ಹೋಗುವ ವಿಮಾನಗಳ ಅವಧಿ ಹಿಗ್ಗಿತು. ಈ ಪೆಟ್ಟು ದೆಹಲಿಗೆ ಬಿದ್ದಷ್ಟು ಅರಬ್ಬೀ ಸಮುದ್ರದ ಕಡೆಯಿಂದ ಹೋಗಬಲ್ಲ ದಕ್ಷಿಣದ ಊರುಗಳಿಗೆ ಬೀಳಲಿಲ್ಲ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು, ಭಾರತದ ವಿಮಾನಗಳಿಗೆ ಅದು ತೆರೆದೇ ಇತ್ತು. ಆ ಮಾರ್ಚಿನಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಸ್ಯಾನ್‌ಫ್ರಾನ್ಸಿಸ್ಕೋ–ದೆಹಲಿ, ನ್ಯೂವಾರ್ಕ್–ಮುಂಬಯಿ ಸಂಚಾರಗಳನ್ನು ನಿಲ್ಲಿಸಿತು. ಅದು 2020ರಲ್ಲಿ ಘೋಷಿಸಿದ್ದ ಸ್ಯಾನ್‌ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನದ ಆರಂಭವನ್ನು ಮುಂದೂಡುತ್ತಲೇ ಬಂದು ಕೊನೆಗೆ ಕೈಬಿಟ್ಟಿತು.